ಬಾಸ್ಟನ್‌ಗೆ ಒಪೆರಾ ಕಟ್ಟಿಕೊಟ್ಟ ಸಾರಾ ಕಾಲ್ಡ್‌ವೆಲ್

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿತವಳು. ಪಾಶ್ಚಾತ್ಯ ಸಂಗೀತ ನನಗೆ ಹೊಸದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲು ಕಂಡಕ್ಟ್ ಮಾಡಿದ ಮಹಿಳೆ ಸಾರಾ ಕಾಲ್ಡ್‌ವೆಲ್ ಅಂತ ಎಲ್ಲೋ ಒಂದು ಸಾಲು ಓದಿದೆ. ಅವರು ಯಾರು? ಸ್ವಂತ ಒಪೆರಾ ಕಂಪನಿ ಕಟ್ಟಿದ್ದರಂತೆ, ಅದು ಏನಾಯ್ತು? ಕೈಯಲ್ಲಿ ಕಡ್ಡಿ ಹಿಡಿದು ನಿಲ್ಲುವ ಕಂಡಕ್ಟರ್ ನಿಜಕ್ಕೂ ಏನು ಮಾಡ್ತಾರೆ? ಅವರ ಕೆಲಸ ನೋಡೋಕೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಓದಿದ ಸಾಲು ನಿಜ. 1976ರ ಜನವರಿ 13ರಂದು ಸಾರಾ ಕಾಲ್ಡ್‌ವೆಲ್ ಮೆಟ್ರೊಪಾಲಿಟನ್ ಒಪೆರಾದಲ್ಲಿ ಇಟಲಿಯ ಸಂಗೀತಗಾರ ವೆರ್ಡಿಯ ‘ಲಾ ಟ್ರಾವಿಯಾಟಾ’ ನಡೆಸಿಕೊಟ್ಟರು. ಆ ಸಂಸ್ಥೆ ಶುರುವಾದದ್ದು 1883ರಲ್ಲಿ. ಅಲ್ಲಿಂದ ಅವತ್ತಿನವರೆಗೆ ಆ ಜಾಗಕ್ಕೆ ಒಬ್ಬ ಮಹಿಳೆಯೂ ಬಂದಿರಲಿಲ್ಲ. ಕಾಲ್ಡ್‌ವೆಲ್ ಬಗ್ಗೆ ಎಲ್ಲರೂ ಈ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಅದು ನನಗೆ ತುಂಬಾ ಬೇಸರ ತರುತ್ತದೆ. ಅವರು ಬದುಕು ಸವೆಸಿದ್ದು ಬಾಸ್ಟನ್ ಊರಿನಲ್ಲಿ. ಅಲ್ಲಿ 30 ವರ್ಷಕ್ಕೂ ಜಾಸ್ತಿ ಕಾಲ ತಮ್ಮದೇ ಕಂಪನಿ ನಡೆಸಿದರು. ಅಮೆರಿಕದಲ್ಲಿ ಬೇರೆ ಯಾರೂ ಮುಟ್ಟದ ಒಪೆರಾಗಳನ್ನು ರಂಗಕ್ಕೆ ತಂದರು. ಆ ಕಥೆ ಗೊತ್ತಾದ ಮೇಲೆ ನ್ಯೂಯಾರ್ಕಿನ ಆ ರಾತ್ರಿ ಅವರ ಬದುಕಿನಲ್ಲಿ ಒಂದು ಸಣ್ಣ ಘಟನೆ ಅನ್ನಿಸುತ್ತದೆ.

ಕಂಡಕ್ಟರ್ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಉಳಿದದ್ದು ಹಿಡಿತಕ್ಕೆ ಸಿಗುವುದಿಲ್ಲ.

ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಕಂಪನಿ ನಾಟಕಗಳಲ್ಲಿ ಮಾತಿನ ನಡುವೆ ರಂಗಗೀತೆ ಬರುತ್ತದೆ. ಹೆಚ್ಚಿನ ಒಪೆರಾಗಳಲ್ಲಿ ಮಾತೇ ಹಾಡು. ಜಗಳ, ರಾಜಿ, ಊಟದ ಮೇಜಿನ ಹರಟೆ, ಸಾಯುವಾಗಿನ ಕೊನೇ ಮಾತು, ಎಲ್ಲಕ್ಕೂ ಸ್ವರ ಗೊತ್ತುಮಾಡಿ ಬರೆದಿರುತ್ತದೆ. ರಂಗದ ಮುಂದೆ, ನೆಲಕ್ಕಿಂತ ಕೆಳಗೆ, ಒಂದು ಹಳ್ಳ ಇರುತ್ತದೆ. ಅದನ್ನು ಪಿಟ್ ಅಂತಾರೆ. 60-70 ಜನ ವಾದ್ಯದವರು ಅಲ್ಲಿ ಕೂರುತ್ತಾರೆ. ಅವರಿಗೆ ಮೇಲೆ ಏನು ನಡೆಯುತ್ತಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಮೇಲೆ ಹಾಡುವವರಿಗೆ ಕೆಳಗಿನ ಪಿಟಿಲುಗಳು ಸ್ಪಷ್ಟವಾಗಿ ಕೇಳುವುದಿಲ್ಲ. ರಂಗದ ಹಿಂಭಾಗದಲ್ಲಿ ಕೋರಸ್ ನಿಂತಿದ್ದರೆ ಅವರ ದನಿ ಮುಂದೆ ಬಂದು ಮುಟ್ಟುವಷ್ಟರಲ್ಲಿ ಒಂದು ಕೂದಲೆಳೆ ತಡವಾಗಿರುತ್ತದೆ. ಇವರೆಲ್ಲರನ್ನೂ ಒಟ್ಟಿಗೆ ನೋಡಬಲ್ಲ, ಎಲ್ಲರಿಗೂ ಕಾಣುವ ಜಾಗ ಒಂದೇ. ಕಂಡಕ್ಟರ್ ಇರುವುದು ಅಲ್ಲಿ.

ನೀವು ಕಛೇರಿ ಕೇಳಿದವರು. ಹಾಡುವವರು ಒಂದು ಸಂಗತಿಯನ್ನು ಸ್ವಲ್ಪ ಎಳೆದರೆ ಪಿಟಿಲಿನವರು, ಮೃದಂಗದವರು ಕಿವಿಯಲ್ಲೇ ಹಿಡಿದು ಹೊಂದಿಕೊಳ್ಳುತ್ತಾರೆ, ಅಲ್ವಾ? ಮೂರು ನಾಲ್ಕು ಜನ ಇದ್ದಾಗ ಅದು ಆಗುತ್ತದೆ. 70 ಜನ ತಮ್ಮ ತಮ್ಮ ಕಿವಿ ನಂಬಿ ಹೊಂದಿಕೊಳ್ಳೋಕೆ ಹೋದರೆ ಎಲ್ಲ ಚೆಲ್ಲಾಪಿಲ್ಲಿ. ಯಕ್ಷಗಾನದ ಭಾಗವತರನ್ನು ನೆನೆಸಿಕೊಳ್ಳಿ. ವೇಷಧಾರಿಯ ಕುಣಿತ ನೋಡಿಕೊಂಡು ಪದವನ್ನು ಹಿಗ್ಗಿಸುವುದು, ಕುಗ್ಗಿಸುವುದು ಅವರ ಕೈಯಲ್ಲಿರುತ್ತದೆ. ಒಪೆರಾ ಕಂಡಕ್ಟರ್ ಮಾಡುವುದೂ ಅದನ್ನೇ. ಆದರೆ ಬಾಯಿಂದ ಒಂದು ಸ್ವರವೂ ಬರುವ ಹಾಗಿಲ್ಲ. ಹಾಡುವವರು ಯಾವಾಗ ಉಸಿರು ತೆಗೆದುಕೊಳ್ಳುತ್ತಾರೆ ಅಂತ ನೋಡುತ್ತಾ, ಆ ಉಸಿರಿಗೆ ಜಾಗ ಬಿಡುತ್ತಾ, ಕೆಳಗಿನ 70 ಜನರನ್ನು ಕೈಸನ್ನೆಯಿಂದಲೇ ಜೊತೆಗೆ ಕರೆದುಕೊಂಡು ಹೋಗಬೇಕು. ರಂಗದಲ್ಲಿ ಯಾರೋ ಒಂದು ಸಾಲು ಮರೆತರು ಅಂತಿಟ್ಟುಕೊಳ್ಳಿ. ಮುಂದಿನ ಕ್ಷಣದಲ್ಲಿ ಎಲ್ಲರೂ ಎಲ್ಲಿ ಸೇರಬೇಕು ಅಂತ ತೋರಿಸುವುದೂ ಅದೇ ಕೈ.

ಇಷ್ಟು ಸಾಲದು ಅಂತ ಕಾಲ್ಡ್‌ವೆಲ್ ನಾಟಕದ ನಿರ್ದೇಶನವನ್ನೂ ತಾವೇ ಮಾಡುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕು, ದೀಪ ಯಾವಾಗ ಆರಬೇಕು, ಗೋಡೆಗೆ ಯಾವ ಬಣ್ಣ, ಎಲ್ಲ ಅವರದ್ದೇ. ಸಾಮಾನ್ಯವಾಗಿ ಇವು ಇಬ್ಬರು ಬೇರೆ ಬೇರೆ ಜನರ ಕೆಲಸ. ಇಬ್ಬರ ನಡುವೆ ಎಳೆದಾಟವೂ ಇರುತ್ತದೆ. ನಿರ್ದೇಶಕರಿಗೆ ನಟಿ ಮೆಟ್ಟಿಲ ಮೇಲೆ ಮಲಗಿ ಹಾಡಿದರೆ ಚೆನ್ನ. ಕಂಡಕ್ಟರಿಗೆ ಆಕೆ ನೇರ ನಿಂತು ತಮ್ಮನ್ನು ನೋಡಿದರೆ ಚೆನ್ನ. ಕಾಲ್ಡ್‌ವೆಲ್ ತಲೆಯಲ್ಲಿ ಈ ಎರಡೂ ಒಟ್ಟಿಗೆ ಇದ್ದವು. ಅವರ ಶಕ್ತಿ ಅಲ್ಲೇ ಇತ್ತು. ಅವರಿಗೆ ಬಂದ ಕಷ್ಟಗಳ ಬೇರೂ ಅಲ್ಲೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಮುಂದೆ ನಿಮಗೇ ಗೊತ್ತಾಗುತ್ತದೆ.

ಹುಟ್ಟಿದ್ದು 1924ರ ಮಾರ್ಚ್ 6ರಂದು, ಮಿಸೌರಿ ರಾಜ್ಯದ ಮೇರಿವಿಲ್ ಅನ್ನುವ ಸಣ್ಣ ಊರಿನಲ್ಲಿ. ತಾಯಿ ಸಂಗೀತದ ಟೀಚರ್. ತಂದೆ ತಾಯಿ ಬೇರೆಯಾದರು. ತಾಯಿ ಮತ್ತೆ ಮದುವೆಯಾದದ್ದು ಅರ್ಕಾನ್ಸಾ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರನ್ನು. ಹಾಗಾಗಿ ಹುಡುಗಿ ಬೆಳೆದದ್ದು ಫೇಯೆಟ್‌ವಿಲ್‌ನಲ್ಲಿ. ಲೆಕ್ಕದಲ್ಲೂ ಪಿಟಿಲಿನಲ್ಲೂ ಬಹಳ ಚುರುಕು. 10 ವರ್ಷ ತುಂಬುವ ಹೊತ್ತಿಗೆ ಜನರ ಮುಂದೆ ಪಿಟಿಲು ನುಡಿಸುತ್ತಿದ್ದಳು. 14ಕ್ಕೆ ಹೈಸ್ಕೂಲು ಮುಗಿಯಿತು. 1942ರಲ್ಲಿ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಗೆ ಸೇರಿದಳು. ಅಲ್ಲಿ ರಿಚರ್ಡ್ ಬರ್ಗಿನ್ ಅವರ ಹತ್ತಿರ ಪಿಟಿಲು ಪಾಠ. ಬರ್ಗಿನ್ ಅಂದರೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಮೊದಲ ಪಿಟಿಲಿನವರು. ಆ ದಾರಿಯಲ್ಲೇ ಹೋಗಿದ್ದರೆ ಯಾವುದಾದರೂ ಆರ್ಕೆಸ್ಟ್ರಾದಲ್ಲಿ ಕಾಯಂ ಕೆಲಸ, ತಿಂಗಳ ಸಂಬಳ, ನೆಮ್ಮದಿ ಸಿಗುತ್ತಿತ್ತು.

ದಾರಿ ತಪ್ಪಿಸಿದವರು ಬೋರಿಸ್ ಗೊಲ್ಡೊವ್ಸ್ಕಿ. ರಷ್ಯಾದಿಂದ ಬಂದವರು. ಕನ್ಸರ್ವೇಟರಿಯಲ್ಲಿ ಒಪೆರಾ ವಿಭಾಗ ನೋಡಿಕೊಳ್ಳುತ್ತಿದ್ದರು. ಹಾಡುವವರು ಮರದ ಬೊಂಬೆ ಹಾಗೆ ನಿಂತರೆ ಅವರಿಗೆ ಸಹಿಸುತ್ತಿರಲಿಲ್ಲ. ಪ್ರತಿ ಸ್ವರಕ್ಕೂ ನಾಟಕದಲ್ಲಿ ಒಂದು ಕಾರಣ ಇದೆ, ಅದನ್ನು ಹುಡುಕಿ ಅಂತ ಕಲಿಸುತ್ತಿದ್ದರು. ಕಾಲ್ಡ್‌ವೆಲ್ ಅವರ ಸಹಾಯಕಿಯಾಗಿ ಸೇರಿ ಸುಮಾರು 11 ವರ್ಷ ದುಡಿದರು. ರಂಗದ ಸೀನರಿ ಸಾಗಿಸುವುದು, ಕೋರಸ್‌ಗೆ ಪಾಠ ಹೇಳುವುದು, ಹಳೇ ಪ್ರತಿ ತಿದ್ದುವುದು, ಮಾಡದ ಕೆಲಸವಿಲ್ಲ. ಶಿಷ್ಯೆಯಾಗಿ ಕಲಿಯುವುದು ಅಂದರೆ ಇದು. ಇವತ್ತು ಇಷ್ಟು ವರ್ಷ ಯಾರೂ ಕಾಯುವುದಿಲ್ಲ.

1946ರಲ್ಲಿ ವಯೋಲಾ (ಪಿಟಿಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸುವ ವಿದ್ಯಾರ್ಥಿನಿಯಾಗಿ ಟ್ಯಾಂಗಲ್‌ವುಡ್‌ಗೆ ಹೋದರು. ಅದು ಬಾಸ್ಟನ್ ಸಿಂಫನಿಯವರ ಬೇಸಿಗೆ ಸಂಗೀತ ಕೇಂದ್ರ. ಮರುವರ್ಷ ಅಲ್ಲೇ, 23ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಅವರ ‘ರೈಡರ್ಸ್ ಟು ದ ಸೀ’ ಎಂಬ ಪುಟ್ಟ ಒಪೆರಾ ಆಡಿಸಿದರು. ಮೀನುಗಾರರ ಮನೆಯ ಕಥೆ ಅದು. ತಾಯಿಯೊಬ್ಬಳು ಕೊನೇ ಮಗನನ್ನೂ ಸಮುದ್ರಕ್ಕೆ ಕಳೆದುಕೊಳ್ಳುತ್ತಾಳೆ. ಆ ಕೇಂದ್ರದ ದೊಡ್ಡ ಯಜಮಾನ, ಕಂಡಕ್ಟರ್ ಕುಸೆವಿಟ್ಸ್ಕಿ ಮೆಚ್ಚಿಕೊಂಡರು. 1948ರಿಂದ ಅಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು.

1952ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಒಪೆರಾ ತರಬೇತಿ ವಿಭಾಗ ಅವರ ಕೈಗೆ ಬಂತು. ವಿದ್ಯಾರ್ಥಿಗಳಿಗೆ ಸುಲಭದ್ದು ಕೊಟ್ಟು ಕೂರಿಸಬಹುದಿತ್ತು. ಅವರು ಸ್ಟ್ರಾವಿನ್ಸ್ಕಿಯವರ ಆಗಷ್ಟೇ ಬಂದ ‘ದ ರೇಕ್ಸ್ ಪ್ರೋಗ್ರೆಸ್’ ಎತ್ತಿಕೊಂಡರು. 1953ರ ಮೇ ತಿಂಗಳಲ್ಲಿ ಸ್ವತಃ ಸ್ಟ್ರಾವಿನ್ಸ್ಕಿ ಬಂದು ಆ ವಿದ್ಯಾರ್ಥಿಗಳಿಗೆ ಕಂಡಕ್ಟ್ ಮಾಡಿದರು. ಯೋಚನೆ ಮಾಡಿ, 20ನೇ ಶತಮಾನದ ಅತಿ ದೊಡ್ಡ ಸಂಗೀತಕಾರರಲ್ಲಿ ಒಬ್ಬರು, ಕಾಲೇಜಿನ ಹುಡುಗರ ಮುಂದೆ. ಅದೇ ಭೇಟಿಯಲ್ಲಿ ಬಾಸ್ಟನ್‌ನಲ್ಲಿ ಸ್ಟ್ರಾವಿನ್ಸ್ಕಿಗೂ ಕವಿ ಡಿಲನ್ ಥಾಮಸ್‌ಗೂ ಮಾತುಕತೆ ಆಯಿತು. ಇಬ್ಬರೂ ಸೇರಿ ಹೊಸ ಒಪೆರಾ ಬರೆಯುವ ಯೋಚನೆ ಇತ್ತು. ಆ ವರ್ಷ ನವೆಂಬರಿನಲ್ಲಿ ಥಾಮಸ್ ತೀರಿಕೊಂಡರು. ಆ ಒಪೆರಾ ಹುಟ್ಟಲೇ ಇಲ್ಲ. ಕಾಲ್ಡ್‌ವೆಲ್ ಕಥೆಗೆ ಇದು ನೇರ ಸಂಬಂಧ ಇಲ್ಲದ ಮಾತು, ಆದರೂ ನೆನೆದಾಗಲೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಈಗ ಕಂಪನಿ. 1957ರಲ್ಲಿ ‘ಬಾಸ್ಟನ್ ಒಪೆರಾ ಗ್ರೂಪ್’ ಅಂತ ಶುರು ಮಾಡಿದರು. ಕೈಯಲ್ಲಿದ್ದದ್ದು ಕೆಲವೇ ಸಾವಿರ ಡಾಲರ್. 1965ರಲ್ಲಿ ಹೆಸರು ‘ಒಪೆರಾ ಕಂಪನಿ ಆಫ್ ಬಾಸ್ಟನ್’ ಅಂತಾಯಿತು. ಮೊದಲ ಪ್ರದರ್ಶನ 1958ರ ಬೇಸಿಗೆಯಲ್ಲಿ, ಬಾಸ್ಟನ್ ಕಲಾ ಉತ್ಸವದಲ್ಲಿ, ಬಯಲಿನಲ್ಲಿ. ಆರಿಸಿಕೊಂಡದ್ದು ಆಫೆನ್‌ಬಾಕ್ ಅವರ ‘ಚಂದ್ರಯಾತ್ರೆ’. ಫ್ರಾನ್ಸಿನಲ್ಲಿ 1875ರಲ್ಲಿ ಬಂದಿದ್ದ ನಗೆಯ ಒಪೆರಾ. ಯಾಕೆ ಅದೇ? ಹಿಂದಿನ ಅಕ್ಟೋಬರಿನಲ್ಲಷ್ಟೇ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದ್ದರು. ಊರಿನವರೆಲ್ಲ ರಾತ್ರಿ ಆಕಾಶ ನೋಡುತ್ತಿದ್ದ ಕಾಲ. ಜನರ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಅದೇ 1958ರಲ್ಲಿ ಬಾಸ್ಟನ್‌ನ ಹಳೇ ಒಪೆರಾ ಹೌಸ್ ಕೆಡವಿದರು. 1909ರಲ್ಲಿ ಕಟ್ಟಿದ್ದ ಮನೆ ಅದು. ಅಂದರೆ ಊರಿಗೆ ಹೊಸ ಒಪೆರಾ ಕಂಪನಿ ಬಂದ ವರ್ಷವೇ ಒಪೆರಾ ಆಡುವ ಜಾಗ ನೆಲಸಮ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ 20 ವರ್ಷ ಕಾಲ್ಡ್‌ವೆಲ್ ಮನೆಯಿಲ್ಲದೆ ಊರೂರು ತಿರುಗುವ ಟೆಂಟ್ ಕಂಪನಿ ಹಾಗೆ ಒಂದೇ ಊರಿನೊಳಗೆ ತಿರುಗಿದರು. ಮೊದಲು ಬ್ಯಾಕ್ ಬೇ ಥಿಯೇಟರ್ ಅನ್ನುವ ಹಳೇ ಸಿನಿಮಾ ಮಂದಿರ. ಅದನ್ನೂ 1968ರಲ್ಲಿ ಕೆಡವಿದರು. ಆಮೇಲೆ ಟಫ್ಟ್ಸ್ ವಿಶ್ವವಿದ್ಯಾಲಯದ ಜಿಮ್. ಆಮೇಲೆ ಆರ್ಫಿಯಂ, ಅದೂ ಸಿನಿಮಾ ಮಂದಿರವೇ. ರಂಗ ಇಕ್ಕಟ್ಟು.

ಇಂಥ ಜಾಗಗಳಲ್ಲಿ ಅವರು ಏನು ಆಡಿಸಿದರು ಅಂತ ಹೇಳಿದರೆ ನಂಬೋದು ಕಷ್ಟ. 1964ರಲ್ಲಿ ಆಗಲೇ ಜಗತ್ತಿಗೆ ಹೆಸರಾಗಿದ್ದ ಗಾಯಕಿ ಜೋನ್ ಸದರ್‌ಲ್ಯಾಂಡ್ ಬಂದು ಹಾಡಿದರು. 1965ರಲ್ಲಿ ಅವರ ಜೊತೆ ಅಮೆರಿಕದ ಗಾಯಕಿ ಮೆರಿಲಿನ್ ಹಾರ್ನ್. 1966ರಲ್ಲಿ ಫ್ರಾನ್ಸಿನ ರಮೋ ಅವರ 18ನೇ ಶತಮಾನದ ಒಪೆರಾ ಒಂದನ್ನು ಅಮೆರಿಕದ ರಂಗದ ಮೇಲೆ ಮೊದಲ ಸಲ ತಂದಾಗ ಅದರಲ್ಲಿ ಅಮೆರಿಕದ ಗಾಯಕಿ ಬೆವರ್ಲಿ ಸಿಲ್ಸ್ ಹಾಡಿದರು, ಮುಂದೆ ಜಗತ್ಪ್ರಸಿದ್ಧನಾದ ಪ್ಲಾಸಿಡೊ ಡೊಮಿಂಗೊ ಎಂಬ 25ರ ಹುಡುಗನೂ ಹಾಡಿದ. ಅದೇ ವರ್ಷ ಶೋನ್‌ಬರ್ಗ್ ಅವರ ‘ಮೋಸೆಸ್ ಮತ್ತು ಆರನ್’ ಅಮೆರಿಕದಲ್ಲಿ ಮೊದಲ ಸಲ. ಕೋರಸ್‌ಗೆ ತಿಂಗಳುಗಟ್ಟಲೆ ಪಾಠ ಬೇಕಾಗುವ ಒಪೆರಾ ಅದು. ದೊಡ್ಡ ದೊಡ್ಡ ಸಂಸ್ಥೆಗಳು ಆಗ ಅದರ ತಂಟೆಗೆ ಹೋಗಿರಲಿಲ್ಲ.

ಒಂದು ಪ್ರದರ್ಶನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1965ರ ಫೆಬ್ರವರಿ. ಇಟಲಿಯ ಲುಯಿಜಿ ನೋನೊ ಅವರ ‘ಇಂತೊಲೆರಾಂಜಾ 1960’. ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದ ಗಣಿ ಕೆಲಸಗಾರನೊಬ್ಬ ಊರಿಗೆ ವಾಪಸ್ ಹೊರಡುತ್ತಾನೆ. ದಾರಿಯಲ್ಲಿ ಪೊಲೀಸರು ಹಿಡಿಯುತ್ತಾರೆ, ಹಿಂಸೆ ಕೊಡುತ್ತಾರೆ, ಕೊನೆಗೆ ಪ್ರವಾಹ. ನೋನೊ ಕಮ್ಯುನಿಸ್ಟ್. ಅದಕ್ಕೇ ಅಮೆರಿಕ ಮೊದಲು ವೀಸಾ ಕೊಡಲಿಲ್ಲ. ಸಂಗೀತಗಾರರು ಗಲಾಟೆ ಮಾಡಿದ ಮೇಲೆ ಕೊಟ್ಟಿತು. ಕಂಡಕ್ಟ್ ಮಾಡಲು ಬ್ರೂನೊ ಮದೆರ್ನಾ ಬಂದರು. ರಂಗ ವಿನ್ಯಾಸಕ್ಕೆ ಚೆಕೊಸ್ಲೊವಾಕಿಯಾದಿಂದ ಜೋಸೆಫ್ ಸ್ವೊಬೊಡಾ. ನಿರ್ದೇಶನ ಕಾಲ್ಡ್‌ವೆಲ್ ಅವರದ್ದು. ಸಿಲ್ಸ್ ಇದರಲ್ಲೂ ಹಾಡಿದರು.

ಸ್ವೊಬೊಡಾ ಟಿವಿ ಕ್ಯಾಮೆರಾಗಳನ್ನು ತಂದು ಮಂದಿರದೊಳಗೇ ಇಟ್ಟರು. ಕಪ್ಪು ವರ್ಣದ ಗಾಯಕರೊಬ್ಬರು ಅನ್ಯಾಯದ ವಿರುದ್ಧ ಹಾಡುವ ಜಾಗ ಬಂತು. ಆಗ ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಟಿಕೆಟ್ ಕೊಂಡು ಕೂತಿದ್ದ ಬಾಸ್ಟನ್‌ನ ಬಿಳಿಯರು ರಂಗದ ಪರದೆಯ ಮೇಲೆ ತಮ್ಮ ಮುಖ ತಾವೇ ನೋಡಿಕೊಂಡರು. ಮರುಕ್ಷಣ ಚಿತ್ರ ನೆಗೆಟಿವ್ ಆಯಿತು. ಬಿಳಿ ಮುಖಗಳೆಲ್ಲ ಕಪ್ಪಾದವು. ಒಂದು ಮಾತೂ ಇಲ್ಲ. 1965ರ ಅಮೆರಿಕದಲ್ಲಿ, ಕಪ್ಪು ಜನ ಮತದ ಹಕ್ಕಿಗಾಗಿ ಬೀದಿಯಲ್ಲಿದ್ದ ವರ್ಷದಲ್ಲಿ, ಒಪೆರಾಕ್ಕೆ ಅಂತ ಒಳ್ಳೇ ಬಟ್ಟೆ ಹಾಕಿಕೊಂಡು ಬಂದವರಿಗೆ ಇದು ಹೇಗೆ ತಟ್ಟಿರಬೇಕು! ಒಪೆರಾ ಅಂದರೆ ಹಳೇ ಕಾಲದ ಸಾಹುಕಾರರ ಮನರಂಜನೆ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ.

ಇನ್ನೊಂದು ಅವರ ಗುಣ, ಮೂಲ ಹುಡುಕುವುದು. ಒಂದು ಒಪೆರಾ ಕೈಗೆತ್ತಿಕೊಂಡರೆ, ಎಲ್ಲರೂ ಆಡುವ ಪ್ರತಿ ಸಾಕು ಅನ್ನುತ್ತಿರಲಿಲ್ಲ. ಬರೆದವರು ಮೊದಲು ಏನು ಬರೆದಿದ್ದರು ಅಂತ ಬೆನ್ನು ಹತ್ತುತ್ತಿದ್ದರು. ವೆರ್ಡಿಯ ‘ಡಾನ್ ಕಾರ್ಲೋಸ್’ ತೆಗೆದುಕೊಳ್ಳಿ. 1867ರಲ್ಲಿ ಪ್ಯಾರಿಸ್‌ಗಾಗಿ ಫ್ರೆಂಚ್ ಭಾಷೆಯಲ್ಲಿ ಬರೆದದ್ದು. ತಾಲೀಮಿನಲ್ಲೇ ತುಂಬಾ ಉದ್ದ ಆಯಿತು. ಆಟ ಮುಗಿಯುವಷ್ಟರಲ್ಲಿ ಊರ ಹೊರಗಿನವರಿಗೆ ಕೊನೇ ರೈಲು ತಪ್ಪುತ್ತದೆ ಅಂತ ಹಲವು ಭಾಗ ಕತ್ತರಿಸಿದರು. ಆ ಭಾಗಗಳು ನೂರು ವರ್ಷ ಪ್ಯಾರಿಸ್ ಒಪೆರಾದ ಭಂಡಾರದಲ್ಲಿ ಹಾಗೇ ಬಿದ್ದಿದ್ದವು. 1970ರ ಆಸುಪಾಸಿನಲ್ಲಿ ಆಂಡ್ರ್ಯೂ ಪೋರ್ಟರ್ ಮುಂತಾದ ವಿದ್ವಾಂಸರು ಅವನ್ನು ಹೆಕ್ಕಿ ತೆಗೆದರು. 1973ರಲ್ಲಿ ಅದೆಲ್ಲವನ್ನೂ ವಾಪಸ್ ಸೇರಿಸಿ, ಫ್ರೆಂಚ್ ಭಾಷೆಯಲ್ಲೇ ರಂಗಕ್ಕೆ ತಂದದ್ದು ಈ ಬಾಸ್ಟನ್ ಕಂಪನಿ. ಹಾಗೇ 1972ರಲ್ಲಿ ಬೆರ್ಲಿಯೋಜ್ ಅವರ ‘ಟ್ರೋಜನ್ನರು’ ಒಂದು ಸಾಲೂ ಬಿಡದೆ. ಟ್ರಾಯ್ ಪಟ್ಟಣ ಉರಿಯುವುದು, ಮರದ ಕುದುರೆ ಬರುವುದು, ಕಾರ್ಥೇಜ್‌ನ ರಾಣಿಯ ಚಿತೆ, ಎಲ್ಲ ಆ ಇಕ್ಕಟ್ಟಿನ ರಂಗದಲ್ಲಿ! 1974ರಲ್ಲಿ ಪ್ರೊಕೊಫಿಯೆವ್ ಅವರ ‘ಯುದ್ಧ ಮತ್ತು ಶಾಂತಿ’. 1976ರಲ್ಲಿ ರೋಜರ್ ಸೆಶನ್ಸ್ ಅವರ ‘ಮಾಂಟೆಜುಮಾ’. 1982ರಲ್ಲಿ ಜಿಮ್ಮರ್‌ಮನ್ ಅವರ ‘ಸೈನಿಕರು’. ಈ ಕೊನೆಯದರಲ್ಲಿ ಹಲವು ದೃಶ್ಯಗಳು ಒಟ್ಟೊಟ್ಟಿಗೆ ನಡೆಯಬೇಕು. ಅದನ್ನು ಆಡಿಸಲಾಗದು ಅಂತಲೇ ಬಹಳ ಜನ ಕೈ ಬಿಟ್ಟಿದ್ದರು.

ಅವರು ಕೆಲಸ ಮಾಡುತ್ತಿದ್ದ ರೀತಿಯೂ ಹಾಗೇ. ತಾಲೀಮು ಮಧ್ಯರಾತ್ರಿ ದಾಟುತ್ತಿತ್ತು. ಮನೆಗೆ ಹೋಗಿ ಬರುವುದು ಯಾಕೆ ಅಂತ ಮಂದಿರದಲ್ಲೇ ಎಲ್ಲೋ ಮಲಗಿಬಿಡುತ್ತಿದ್ದರು. ಬಟ್ಟೆ, ಊಟ, ಗಡಿಯಾರ ಯಾವುದರ ಮೇಲೂ ಗಮನ ಇರುತ್ತಿರಲಿಲ್ಲ. ಭಾರಿ ಮೈಕಟ್ಟು, ಆರೋಗ್ಯ ಅಷ್ಟಕ್ಕಷ್ಟೆ. ಹೆಚ್ಚಾಗಿ ಕೂತುಕೊಂಡೇ ಕಂಡಕ್ಟ್ ಮಾಡುತ್ತಿದ್ದರು. ಪರದೆ ಏಳುವ ಒಂದು ಗಂಟೆ ಮುಂಚೆಯೂ ದೀಪ ಬದಲಿಸುತ್ತಿದ್ದರು ಅಂತ ಅವರ ಜೊತೆ ದುಡಿದವರು ಹೇಳುತ್ತಾರೆ. ಬೈದವರೂ ಇದ್ದಾರೆ, ಬಿಟ್ಟುಹೋದವರೂ ಇದ್ದಾರೆ. ಆದರೆ ಹಾಡುವವರಲ್ಲಿ ಅನೇಕರು ಕರೆದಾಗಲೆಲ್ಲ ಮತ್ತೆ ಬಂದರು. ಬೇರೆ ಕಡೆ ಸಿಗುವ ಸಂಬಳ ಇಲ್ಲಿ ಸಿಗುತ್ತಿರಲಿಲ್ಲ. ಪಾತ್ರವನ್ನು ಹೀಗೆ ಕೂತು ಬಿಡಿಸಿ ಹೇಳುವವರು ಬೇರೆ ಕಡೆ ಸಿಗುತ್ತಿರಲಿಲ್ಲ, ಅದಕ್ಕೇ ಬರುತ್ತಿದ್ದರು.

ನ್ಯೂಯಾರ್ಕ್ ಅವರನ್ನು ಗುರುತಿಸಿದ್ದು ತಡವಾಗಿ. 1973ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾದಲ್ಲಿ ನಿರ್ದೇಶನ ಮಾಡಿದರು. 1975ರ ನವೆಂಬರಿನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ಮುಂದೆ ನಿಂತರು. ಅಂದಿನ ಕಾರ್ಯಕ್ರಮ ಪೂರ್ತಿ ಮಹಿಳೆಯರು ರಚಿಸಿದ ಸಂಗೀತ. ಲಿಲಿ ಬೂಲಾಂಜೆ, ರೂತ್ ಕ್ರಾಫರ್ಡ್ ಸೀಗರ್, ಥಿಯಾ ಮಸ್‌ಗ್ರೇವ್ ಅವರ ಕೃತಿಗಳು ಅದರಲ್ಲಿದ್ದವು. ಅದೇ ತಿಂಗಳು ‘ಟೈಮ್’ ಪತ್ರಿಕೆ ಮುಖಪುಟದಲ್ಲಿ ಅವರ ಚಿತ್ರ ಹಾಕಿತು.

ಎರಡು ತಿಂಗಳಾದ ಮೇಲೆ ಮೆಟ್ರೊಪಾಲಿಟನ್. ಬೆವರ್ಲಿ ಸಿಲ್ಸ್ ‘ಲಾ ಟ್ರಾವಿಯಾಟಾ’ದ ವಿಯೊಲೆಟ್ಟಾ ಪಾತ್ರ ಮಾಡಬೇಕಿತ್ತು. ಕಂಡಕ್ಟ್ ಮಾಡೋಕೆ ಕಾಲ್ಡ್‌ವೆಲ್ ಬರಲಿ ಅಂತ ಪಟ್ಟು ಹಿಡಿದವರು ಸಿಲ್ಸ್ ಅವರೇ. ನನಗೆ ಆ ಒಪೆರಾದ ಶುರುವಿನ ಬಗ್ಗೆ ಒಂದು ಮಾತು ಹೇಳಬೇಕು. ಪರದೆ ಏಳುವ ಮುಂಚೆ ಒಂದು ಪುಟ್ಟ ಪೀಠಿಕೆ ಇದೆ. ಪಿಟಿಲಿನವರನ್ನು ಹಲವು ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಸ್ವರ ಕೊಟ್ಟು, ತುಂಬಾ ಮೇಲಿನ ಸ್ಥಾಯಿಯಲ್ಲಿ, ಉಸಿರಿಗಿಂತ ಮೆಲ್ಲಗೆ ನುಡಿಸಬೇಕು. ಸಾಯುವ ಹೆಣ್ಣೊಬ್ಬಳ ಸಂಗೀತ ಅದು, ಕಥೆಯ ಕೊನೆ ಮೊದಲೇ ಕೇಳಿಸುತ್ತದೆ. ಎಲ್ಲರ ಬಿಲ್ಲು ಒಂದೇ ಕ್ಷಣದಲ್ಲಿ ತಂತಿ ಮುಟ್ಟಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದರೂ ಗರಗರ ಕೇಳುತ್ತದೆ. ಮುಚ್ಚಿಕೊಳ್ಳೋಕೆ ಡೋಲಿಲ್ಲ, ಕಹಳೆಯಿಲ್ಲ. ಮೆಟ್ರೊಪಾಲಿಟನ್‌ನಲ್ಲಿ ಒಬ್ಬ ಮಹಿಳೆ ಕೈ ಎತ್ತಿದ ಮೊದಲ ರಾತ್ರಿ ಶುರುವಾದದ್ದು ಈ ಸ್ವರಗಳಿಂದ. ಮತ್ತು ಆ ಕೈ ಚಿಕ್ಕಂದಿನಿಂದ ಪಿಟಿಲು ನುಡಿಸಿದ ಕೈ.

ಇನ್ನು ಕಂಪನಿ ಏನಾಯ್ತು ಅನ್ನುವ ಪ್ರಶ್ನೆ. ಇದು ನೋವಿನ ಭಾಗ.

ಒಪೆರಾ ಟಿಕೆಟ್ ದುಡ್ಡಿನಲ್ಲಿ ನಡೆಯುವುದಿಲ್ಲ. ಎಲ್ಲೂ ನಡೆಯುವುದಿಲ್ಲ. ವಾದ್ಯದವರು, ಕೋರಸ್, ಮುಖ್ಯ ಗಾಯಕರು, ಬಡಗಿಗಳು, ದೀಪದವರು, ದರ್ಜಿಗಳು, ಇಷ್ಟು ಜನಕ್ಕೆ ಸಂಬಳ ಆಗಬೇಕು. ಒಂದು ಒಪೆರಾಕ್ಕೆ ಕೆಲವೇ ಪ್ರದರ್ಶನ. ಹಾಕಿದ ಬಂಡವಾಳ ವಾಪಸ್ ಬರುವಷ್ಟರಲ್ಲಿ ಸೆಟ್ ಬಿಚ್ಚಿ ಮುಂದಿನದು ಕಟ್ಟಬೇಕು. ಯೂರೋಪಿನಲ್ಲಿ ಸರ್ಕಾರ, ನಗರಸಭೆ ಕೈ ಹಿಡಿಯುತ್ತವೆ. ಅಮೆರಿಕದಲ್ಲಿ ಮುಖ್ಯವಾಗಿ ಶ್ರೀಮಂತರ ದೇಣಿಗೆಯೇ ಗತಿ. ಕಾಲ್ಡ್‌ವೆಲ್ ಮೊದಲಿನಿಂದಲೂ ಈ ಇಕ್ಕಟ್ಟಿನಲ್ಲೇ ಇದ್ದರು. 1967ರಲ್ಲಿ ದೇಶ ಸುತ್ತುವ ಇನ್ನೊಂದು ಒಪೆರಾ ಕಂಪನಿಗೆ ಕಲಾ ನಿರ್ದೇಶಕಿಯಾದರು. ಆಲ್ಬಾನ್ ಬೆರ್ಗ್ ಅವರ ‘ಲುಲು’ವಿನಂಥ ಕಠಿಣ ಒಪೆರಾವನ್ನು ಊರೂರಿಗೆ ಕೊಂಡೊಯ್ದರು. ಮರುವರ್ಷವೇ ಅದು ದಿವಾಳಿ ಆಯಿತು.

1978ರಲ್ಲಿ ಅವರ ಆಸೆ ಕೈಗೂಡಿತು. ವಾಷಿಂಗ್ಟನ್ ಸ್ಟ್ರೀಟ್‌ನಲ್ಲಿದ್ದ ಸವಾಯ್ ಸಿನಿಮಾ ಮಂದಿರವನ್ನು ಕಂಪನಿ ಕೊಂಡುಕೊಂಡಿತು. 1928ರಲ್ಲಿ ಕೀತ್ ಮೆಮೋರಿಯಲ್ ಅನ್ನುವ ಹೆಸರಿನಲ್ಲಿ ಕಟ್ಟಿದ ಅರಮನೆಯಂಥ ಕಟ್ಟಡ. ಅಮೃತಶಿಲೆ, ಚಿನ್ನದ ಬಣ್ಣದ ಕುಸುರಿ, ದೊಡ್ಡ ಮೆಟ್ಟಿಲು. ಆದರೆ ಹಿಂದಿನ ಮಾಲೀಕರು ಒಂದು ಪರದೆ ಸಾಲದು ಅಂತ ರಂಗಕ್ಕೂ ಪ್ರೇಕ್ಷಕರ ಜಾಗಕ್ಕೂ ನಡುವೆ ಗೋಡೆ ಎಬ್ಬಿಸಿ, ರಂಗದ ಮೇಲೇ ಇನ್ನೊಂದು ಸಿನಿಮಾ ಮಂದಿರ ಮಾಡಿದ್ದರು. ಮೊದಲ ಕೆಲಸ ಆ ಗೋಡೆ ಒಡೆಯುವುದಾಯಿತು. ಮನೆಗೆ ‘ಒಪೆರಾ ಹೌಸ್’ ಅಂತ ಹೆಸರಿಟ್ಟರು. ಹಳೇ ಒಪೆರಾ ಹೌಸ್ ಕೆಡವಿ 20 ವರ್ಷಕ್ಕೆ ಊರಿಗೆ ಮತ್ತೆ ಒಂದು ಸಿಕ್ಕಿತು.

ಹಳೇ ಕಟ್ಟಡ ಅಂದರೆ ಗೊತ್ತಲ್ಲ, ಬಾಯಿ ತೆರೆದೇ ಇರುತ್ತದೆ. ಚಾವಣಿ, ವೈರಿಂಗ್, ಚಳಿಗಾಲಕ್ಕೆ ಬಿಸಿ ಮಾಡುವ ಖರ್ಚು, ತೆರಿಗೆ, ಬಡ್ಡಿ. ಬಾಡಿಗೆ ಜಾಗದಲ್ಲಿ ಆಟ ಮುಗಿದ ಮೇಲೆ ಬೀಗ ಕೊಟ್ಟು ಹೊರಡಬಹುದಿತ್ತು. ಈಗ ಆಟ ಇಲ್ಲದ ದಿನವೂ ದುಡ್ಡು ಹೋಗುತ್ತಿತ್ತು. ಕಾಲ್ಡ್‌ವೆಲ್ ಕೈಗೆ ಬಂದದ್ದನ್ನೆಲ್ಲ ಮೊದಲು ರಂಗದ ಮೇಲೆ ಸುರಿದರು. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಮುನ್ನೂರರ ಹತ್ತಿರ ಕಲಾವಿದರನ್ನು ಕರೆಸಿ ದೊಡ್ಡ ಉತ್ಸವ ಮಾಡಿದರು. ರೋದಿಯಾನ್ ಶೆದ್ರಿನ್ ಅವರ ‘ಸತ್ತ ಆತ್ಮಗಳು’ ಅಮೆರಿಕದಲ್ಲಿ ಮೊದಲ ಸಲ ಆಡಿದ್ದು ಆಗಲೇ. ಶೀತಲ ಸಮರ ಇನ್ನೂ ಮುಗಿಯದ ದಿನಗಳಲ್ಲಿ ಅದು ಸಾಮಾನ್ಯ ಸಾಹಸ ಅಲ್ಲ. ಅದರ ಹೊರೆಯೂ ಸಾಲದ ಮೇಲೆ ಸೇರಿತು.

1990ರಲ್ಲಿ ರಾಬರ್ಟ್ ಡಿ ಡೊಮೆನಿಕಾ ಅವರ ಹೊಸ ಒಪೆರಾ ‘ದ ಬಾಲ್ಕನಿ’ ಆಡಿದರು. ಅದೇ ಕೊನೆ. ಲಕ್ಷಾಂತರ ಡಾಲರ್ ಸಾಲ, ರಿಪೇರಿ ಕಾಣದ ಕಟ್ಟಡ. ಕಂಪನಿಗೆ ಬೀಗ ಬಿತ್ತು.

ತಪ್ಪು ಯಾರದ್ದು? ಲೆಕ್ಕಪತ್ರದಲ್ಲಿ ಶಿಸ್ತಿರಲಿಲ್ಲ ಅಂತ ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಅದು ಸರಿಯೇ. ರಂಗದ ಎಲ್ಲವೂ ಒಬ್ಬರ ಕೈಯಲ್ಲಿದ್ದಾಗ ಅದ್ಭುತ ಒಪೆರಾ ಹುಟ್ಟುತ್ತದೆ. ಕಂಪನಿಯ ಎಲ್ಲವೂ ಒಬ್ಬರ ಕೈಯಲ್ಲಿದ್ದಾಗ ಬೇಡ ಅನ್ನುವವರು ಯಾರೂ ಇರುವುದಿಲ್ಲ. ಅವರ ಪಕ್ಕದಲ್ಲಿ ಗಟ್ಟಿಯಾದ ಒಬ್ಬ ವ್ಯವಸ್ಥಾಪಕರು ಇರಬೇಕಿತ್ತು, ಅವರ ಮಾತು ಕಾಲ್ಡ್‌ವೆಲ್ ಕೇಳಬೇಕಿತ್ತು. ಆದರೆ ಊರಿನ ಪಾಲೂ ಇದರಲ್ಲಿದೆ. ಅಷ್ಟು ದುಡ್ಡಿರುವ ನಗರ, ಅಷ್ಟು ವಿಶ್ವವಿದ್ಯಾಲಯಗಳು, ಜಗತ್ತಿಗೇ ಹೆಸರಾದ ಸಿಂಫನಿ. ತನ್ನ ಒಪೆರಾಕ್ಕೆ ಮಾತ್ರ 20 ವರ್ಷ ಒಂದು ಸೂರು ಕೊಡಲಿಲ್ಲ. ನಾನು ಇಬ್ಬರಲ್ಲಿ ಊರನ್ನೇ ಜಾಸ್ತಿ ದೂರುತ್ತೇನೆ.

ಆ ಕಟ್ಟಡ ವರ್ಷಗಟ್ಟಲೆ ಬೀಗ ಹಾಕಿಕೊಂಡು, ಮಳೆನೀರು ಕುಡಿದು ನಿಂತಿತ್ತು. ಬೇರೆಯವರು ರಿಪೇರಿ ಮಾಡಿಸಿ 2004ರಲ್ಲಿ ತೆರೆದರು. ಈಗ ಅಲ್ಲಿ ಬಾಸ್ಟನ್ ಬ್ಯಾಲೆ ಪ್ರದರ್ಶನಗಳು, ಸಂಗೀತ ನಾಟಕಗಳು ನಡೆಯುತ್ತವೆ. ಹೆಸರಿನಲ್ಲಿ ‘ಒಪೆರಾ ಹೌಸ್’ ಇವತ್ತಿಗೂ ಉಳಿದಿದೆ. ಅಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಲ ಒಳಗೆ ಹೋದಾಗ ರಂಗದ ಅಂಚು ನೋಡಿ. ಗೋಡೆ ಇದ್ದದ್ದು ಅಲ್ಲಿ.

ಕಾಲ್ಡ್‌ವೆಲ್ ಮನೆಯಲ್ಲಿ ಕೂರಲಿಲ್ಲ. 1990ರ ದಶಕದಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ಗೆ ಹೋಗಿ ಅಲ್ಲಿನ ಉರಾಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾಕ್ಕೆ ಅತಿಥಿ ಕಂಡಕ್ಟರ್ ಆದರು. 1996ರ ಸಾಲಿನ ರಾಷ್ಟ್ರೀಯ ಕಲಾ ಪದಕ ಸಿಕ್ಕಿತು. ಆಮೇಲೆ ತಾವು ಬೆಳೆದ ಫೇಯೆಟ್‌ವಿಲ್‌ಗೇ ವಾಪಸ್ ಬಂದು ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 2006ರ ಮಾರ್ಚ್ 23ರಂದು ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ತೀರಿಕೊಂಡರು. 82 ವರ್ಷವಾಗಿತ್ತು.

ಕೊನೆಗೆ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. 1976ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾದಲ್ಲಿ ಅವರು ರೊಸ್ಸಿನಿಯ ‘ದ ಬಾರ್ಬರ್ ಆಫ್ ಸೆವಿಲ್’ ಮಾಡಿದರು. ನಿರ್ದೇಶನವೂ ಅವರದ್ದೇ, ಕಂಡಕ್ಟರೂ ಅವರೇ. ಅದು ಅಮೆರಿಕದ ಟಿವಿಯಲ್ಲಿ ನೇರ ಪ್ರಸಾರ ಆಗಿತ್ತು, ಡಿವಿಡಿಯೂ ಬಂದಿದೆ. ರೋಸಿನಾ ಎಂಬ ಹುಡುಗಿಯನ್ನು ಮುದುಕನೊಬ್ಬ ಮನೆಯಲ್ಲಿ ಕೂಡಿಹಾಕಿರುತ್ತಾನೆ. ಸಿಲ್ಸ್ ಆ ಪಾತ್ರಕ್ಕೆ ಹಕ್ಕಿಯ ಹಾಗೆ ಬಟ್ಟೆ ಹಾಕಿಕೊಂಡು ಬರುತ್ತಾರೆ. ಪಂಜರದ ಮಾತು ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ.

ಅದರಲ್ಲಿ ‘ಲಾ ಕಲುನಿಯಾ’ ಅನ್ನುವ ಹಾಡು ಮೊದಲು ಕೇಳಿ, ನಾಲ್ಕೈದು ನಿಮಿಷದ್ದು. ಚಾಡಿ ಮಾತು ಹೇಗೆ ಬೆಳೆಯುತ್ತದೆ ಅಂತ ಒಬ್ಬ ಸಂಗೀತದ ಮೇಷ್ಟ್ರು ವಿವರಿಸುತ್ತಾನೆ. ಮೊದಲು ತಂಗಾಳಿ, ಆಮೇಲೆ ಪಿಸುಮಾತು, ಕಿವಿಯಿಂದ ಕಿವಿಗೆ ಹರಡಿ, ಕೊನೆಗೆ ಫಿರಂಗಿ ಹಾರಿದ ಹಾಗೆ ಸಿಡಿಯುತ್ತದೆ. ಪಿಟಿಲುಗಳು ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ ಕೂದಲೆಳೆಯಷ್ಟೇ ಏರಬೇಕು. 70 ಜನಕ್ಕೂ ಜೋರಾಗಿ ನುಡಿಸುವ ಆಸೆ ಬಂದೇ ಬರುತ್ತದೆ. ಫಿರಂಗಿಯ ಮಾತು ಬರುವವರೆಗೂ ಅದನ್ನು ತಡೆದು ಹಿಡಿಯುವುದು ಕಂಡಕ್ಟರ್ ಕೈ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಕಣ್ಣು ಮುಚ್ಚಿಕೊಂಡು, ಕಾಲ್ಡ್‌ವೆಲ್ ಎಷ್ಟು ಹೊತ್ತು ಹಿಡಿದಿಡುತ್ತಾರೆ ಅಂತ ಕೇಳಿ.